ಒಣಗಿದರೆ ಗಾಜು, ಮುಳುಗಿದರೆ ಸ್ಪಂಜು

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಕಬ್ಬಿಣದ ಬೀರು ಅವರೇ, ಮುಖ್ಯ ಅತಿಥಿಗಳಾಗಿ ಆಗಮಿಸಿ ತಣ್ಣಗೆ ಕುಳಿತಿರುವ ಇಸ್ತ್ರಿಪೆಟ್ಟಿಗೆಯವರೇ, ಕುರ್ಚಿಯ ಮೇಲೆ ಮಡಚದೆ ಬಿದ್ದಿರುವ ನನ್ನ ವಸ್ತ್ರಬಾಂಧವರೇ, ಇಂದು ತಮ್ಮೆಲ್ಲರ ಸಮ್ಮುಖದಲ್ಲಿ ಒಂದು ಗಹನವಾದ ವಿಷಯವನ್ನು ಮಂಡಿಸಲಿದ್ದೇನೆ. ಪಾಲಿಮರ್ ಪೊರೆಯೊಂದು ಯಾವ ಯಾವ ಬಗೆಯಲ್ಲಿ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾಗುವಾಗ ಅದರೊಳಗೆ ಸಿಕ್ಕಿಬಿದ್ದ ಬೆಳಕಿನ ಕಣಗಳ ಗತಿ ಏನು, ಮತ್ತು ಇದನ್ನೆಲ್ಲ ಕಟ್ಟಿಕೊಂಡು ವಿಜಯವಾಡದ ಒಬ್ಬ ಬ್ಯಾಂಕ್ ಮ್ಯಾನೇಜರನಿಗೆ ಆಗಬೇಕಾದ್ದೇನು? ತಾಳ್ಮೆಯಿಂದ ಆಲಿಸಬೇಕು. ಬೀರು ಅವರು ಆಗಾಗ ಕಿರುಗುಟ್ಟದಿದ್ದರೆ ಇನ್ನೂ ಉಪಕಾರ.

ಅಕ್ಕ, ನಗಬೇಡ. ತಿಪಟೂರಿನ ಮನೆಯಲ್ಲಿ ಭಾಷಣ ಸ್ಪರ್ಧೆಯ ಹಿಂದಿನ ದಿನ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಪಾತ್ರೆಪಡಗಗಳ ಮುಂದೆ ಮಾತಾಡಿಸುತ್ತಿದ್ದವಳು ನೀನೇ. ಕುಕ್ಕರ್ ಅಧ್ಯಕ್ಷರು, ಇಡ್ಲಿ ಪಾತ್ರೆ ಮುಖ್ಯ ಅತಿಥಿ, ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ ಕಣ್ಣೀರು ಸುರಿಸುವ ಸಭಿಕರು. "ಅಧ್ಯಕ್ಷರು ಸೀಟಿ ಹೊಡೆದ್ರೆ ನಿನ್ನ ಟೈಮ್ ಮುಗೀತು ಅಂತ ಕಣೋ. ವಾಕ್ಯ ಅರ್ಧಕ್ಕೆ ನಿಂತ್ರೂ ಇಳೀಬೇಕು" ಎನ್ನುತ್ತಿದ್ದೆ. ನಾನು ಸಾಲಿನ ಕೊನೆಗೊಂದು ಪ್ರಾಸ ಹುಡುಕುತ್ತ ನಿಂತುಬಿಡುತ್ತಿದ್ದೆ. ಅಷ್ಟರಲ್ಲಿ ಬೇಳೆ ಬೆಂದಿರುತ್ತಿತ್ತು. ಅಂದಿನಿಂದ ನಾನು ಪ್ರಾಸಪ್ಪ. ಆ ಹೆಸರು ಹಿಡಿದು ಕರೆಯುವವರು ಈಗ... ಇರಲಿ, ವಿಷಯಕ್ಕೆ ಬರುತ್ತೇನೆ.

ವಿಷಯ ಇಷ್ಟು. ನಿನ್ನ ಶಿಷ್ಯೆ ಲಾವಣ್ಯ ಬೆಳಿಗ್ಗೆಯೇ ವಿಶಾಖಪಟ್ಟಣದಲ್ಲಿ ರೈಲು ಹತ್ತಿದ್ದಾಳೆ. ನೀನು ನಮ್ಮ ಮನೆಯ ಹಾಲ್‌ನಲ್ಲಿ ಮಾಡಿದ ಪೊರೆಯ ಕೊನೆಯ ತುಂಡು ನನ್ನ ಹತ್ತಿರ ಇದೆ. ಅದು ಅವಳಿಗೆ ಬೇಕು. ಬೇಕಾಗಿರುವುದು ನೋಡಲಿಕ್ಕಲ್ಲ, ಮುರಿಯಲಿಕ್ಕೆ. ಕೊಡಬೇಕೋ ಬೇಡವೋ ಎಂದು ನಿನ್ನನ್ನೇ ಕೇಳೋಣ ಎಂದರೆ ನೀನು ಆ ಸೌಕರ್ಯ ಇಲ್ಲದ ಊರಿಗೆ ಹೋಗಿ ಕೂತಿದ್ದೀಯ.

ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ಎಸೆದಾಗ ಫೋನಿನಲ್ಲಿ ನೀನು ಕುಣಿದಾಡಿದ್ದು ನೆನಪಿದೆ. "ಬಾರೋ ಬಾ, ಇಪ್ಪತ್ತು ವರ್ಷದಿಂದ ಈ ರಾಜ್ಯಕ್ಕೆಲ್ಲ ನಾನೊಬ್ಳೇ ನಮ್ಮನೆಯವಳು ಅನ್ನಿಸ್ತಿತ್ತು." ಆಮೇಲೆ ತಡೆದು ಕೇಳಿದೆ: "ನಿಮ್ಮಕ್ಕ ಏನು ಮಾಡ್ತಾಳೆ ಅಂತ ನಿಮ್ಮ ಬ್ಯಾಂಕಲ್ಲಿ ಕೇಳಿದ್ರೆ ಏನಂತ ಹೇಳ್ತೀಯ?" ನಾನು, "ಪ್ಲಾಸ್ಟಿಕ್ ಹಾಳೆ ಮಾಡ್ತಾಳೆ ಅಂತೀನಿ" ಎಂದೆ. "ಹಾಳಾದೋನೆ, ಹಾಳೆ ಅಲ್ವೋ ಅದು, ಪೊರೆ" ಎಂದು ಬೈದೆ. ಹಾಳೆಗೂ ಪೊರೆಗೂ ಇರುವ ವ್ಯತ್ಯಾಸ ಏನೆಂದು ಅವತ್ತು ಕೇಳಲಿಲ್ಲ. ಕೇಳದೆ ಬಿಟ್ಟದ್ದು ಅದೊಂದೇ ಎಂದುಕೊಂಡಿದ್ದೆ. ಈಗ ನೋಡಿದರೆ ಇನ್ನೂ ಎಷ್ಟೋ ಬಾಕಿ ಇವೆ.

ಹೋದ ವರ್ಷ ಮೇ ತಿಂಗಳಲ್ಲಿ ರಜೆಗೆಂದು ಬಂದಾಗ ನಿನ್ನ ಒಂದು ಕೈಯಲ್ಲಿ ಅನಕಾಪಲ್ಲಿಯ ಬೆಲ್ಲದ ಅಚ್ಚು, ಇನ್ನೊಂದು ಕೈಯಲ್ಲಿ ಬಿಗಿಯಾಗಿ ಮುಚ್ಚಿದ ಸೀಸೆ. ಬೆಲ್ಲ ನಿನ್ನ ನಾದಿನಿ ಸುಮಾಳಿಗೆ, ಸೀಸೆ ಯಾರಿಗೂ ಇಲ್ಲ. ಸುಮಾ ಆ ಸಂಜೆಯೇ ಕಡಲೆಕಾಯಿ ಚಿಕ್ಕಿಗೆ ಪಾಕ ಇಟ್ಟಳು. ನೀನು ಚಮಚ ಕಿತ್ತುಕೊಂಡು ಒಂದು ಹನಿಯನ್ನು ಬಟ್ಟಲಿನ ನೀರಿಗೆ ಬಿಟ್ಟೆ, ಇನ್ನೊಂದನ್ನು ತಟ್ಟೆಗೆ. "ನೋಡೋ, ಬಾಣಲೆ ಒಂದೇ, ಪಾಕ ಒಂದೇ. ನೀರಿಗೆ ಬಿದ್ದದ್ದು ಆಗಿಂದಾಗ್ಲೇ ಗಟ್ಟಿ. ತಟ್ಟೆಗೆ ಬಿದ್ದದ್ದು ತನ್ನ ಪಾಡಿಗೆ ತಾನು ಆರ್ಕೊಳ್ಳುತ್ತೆ. ಎರಡನ್ನೂ ಬಾಯಿಗೆ ಹಾಕ್ಕೊಂಡು ನೋಡು, ಒಂದೇ ಬೆಲ್ಲ ಅಂತ ಯಾರಾದ್ರೂ ಹೇಳ್ತಾರಾ?" ಸುಮಾ ಹಿಂದಿನಿಂದ, "ಅತ್ತಿಗೆ, ಪಾಠ ಆಮೇಲೆ. ಪಾಕ ಹತ್ತಿಹೋಗುತ್ತೆ" ಎಂದಳು. ಪಾಠವೇನೋ ನಿಲ್ಲಲಿಲ್ಲ, ಪಾಕ ಹತ್ತಿತು. ಆ ಚಿಕ್ಕಿಯನ್ನು ಒಡೆಯಲು ಕೊನೆಗೆ ಲಟ್ಟಣಿಗೆ ಬೇಕಾಯಿತು.

ನಿನ್ನ ಸೀಸೆಯಲ್ಲಿ ಇದ್ದದ್ದೂ ಪಾಕವೇ. ಹತ್ತಿಯಿಂದ ತಯಾರಾಗುವ ಒಂದು ಪಾಲಿಮರನ್ನು ಅಸಿಟೋನಿನಲ್ಲಿ ಕರಗಿಸಿ, ಜೇನಿನಷ್ಟು ಮಂದವಾದ ಆ ದ್ರವಕ್ಕೆ ವಿಭೂತಿಯಂಥ ಬಿಳಿ ಪುಡಿ ಬೆರೆಸಿದ್ದೆ. ಆ ಪುಡಿ ಹಗಲಲ್ಲಿ ಬರೀ ಪುಡಿ, ನೇರಳಾತೀತ ದೀಪದ ಕೆಳಗೆ ಹಿಡಿದರೆ ಕೆಂಡ. ಪಾಕವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು ಸುಮ್ಮನೆ ಒಣಗಲು ಬಿಟ್ಟರೆ ಅಸಿಟೋನ್ ನಿಧಾನ ಹಾರಿಹೋಗಿ ಕನ್ನಡಕದ ಗಾಜಿನಂಥ ಪೊರೆ ಬರುತ್ತದೆ. ಆದರೆ ಆ ನಿಧಾನದಲ್ಲೇ ಭಾರದ ಕಣಗಳೆಲ್ಲ ಇಳಿದು ತಳ ಸೇರುತ್ತವೆ, ತೆಳು ಪಾಯಸದಲ್ಲಿ ಗೋಡಂಬಿ ಸೇರುವ ಹಾಗೆ. ಅದೇ ಗಾಜನ್ನು ಹಸಿಯಾಗಿದ್ದಾಗಲೇ ನೀರಿನಲ್ಲಿ ಮುಳುಗಿಸಿದರೆ ಅಸಿಟೋನ್ ಹೊರಗೆ, ನೀರು ಒಳಗೆ; ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿಯ, ತೂತುತೂತಾದ ಪೊರೆ. ಕಣಗಳು ಸಿಕ್ಕಿದಲ್ಲಿ ಸಿಕ್ಕಿ, ಅಲ್ಲಲ್ಲಿ ಗುಂಪುಗೂಡಿ, ಕೆಲವು ನೀರಿಗೇ ಹಾರಿಕೊಳ್ಳುತ್ತವೆ. ನಿನಗೆ ಬೇಕಾಗಿದ್ದದ್ದು ಕುಡಿಯುವ ನೀರು ಸೋಸುವ ಪೊರೆ. ಕೊಳೆ ಕೂತಂತೆಲ್ಲ ಅದರ ಬೆಳಕು ಮಂಕಾಗಬೇಕು, ಬದಲಾಯಿಸುವ ಹೊತ್ತಾಯಿತು ಎಂದು ಅದೇ ಹೇಳಬೇಕು. "ಒಣಗಿದ್ದು ನೀರು ಬಿಡೋಲ್ಲ, ಮುಳುಗಿದ್ದು ನೆಟ್ಟಗೆ ಬೆಳಕು ಕೊಡೋಲ್ಲ. ಎರಡರ ಮಧ್ಯೆ ನಾನು" ಎಂದು ತಲೆ ಕೆರೆದುಕೊಂಡೆ. ನಾನು ಕೂಡಲೇ ಹೇಳಿದೆ: "ಒಣಗಿದರೆ ಗಾಜು, ಮುಳುಗಿದರೆ ಸ್ಪಂಜು." ನೀನು ಚಿಕ್ಕಿ ಕಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದೆ. "ಲೋ ಪ್ರಾಸಪ್ಪ, ನನ್ನ ಅರ್ಧ ಆಯಸ್ಸಿನ ಕೆಲಸಾನ ನಾಲ್ಕು ಪದಕ್ಕೆ ಇಳಿಸಿಬಿಟ್ಟೆಯಲ್ಲೋ!" ಅದು ಹೊಗಳಿಕೆಯೋ ಬೈಗುಳವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ಮಧ್ಯಾಹ್ನ ಟೀಪಾಯಿಯ ಗಾಜನ್ನು ಎತ್ತಿ ತೊಳೆದು, ಹಾಲ್‌ನ ನೆಲದ ಮೇಲಿಟ್ಟು ಅದರ ಮೇಲೆ ಪಾಕ ಎಳೆದೆ. ಮನೆಯೆಲ್ಲ ಉಗುರುಬಣ್ಣ ಅಳಿಸುವ ವಾಸನೆ. ವಿಶಾಖಪಟ್ಟಣದ ಸಮುದ್ರದ ಗಾಳಿಗೆ ನಿನ್ನ ಪೊರೆಗಳು ದಿನಕ್ಕೊಂದು ಥರ ತೇಪೆ ತೇಪೆಯಾಗಿ ಬಿಳಿಚಿಕೊಳ್ಳುತ್ತಿದ್ದವಂತೆ. ವಿಜಯವಾಡದ ಒಣ ಬೆಂಕಿಯಲ್ಲಿ ಏನಾಗುತ್ತದೆ ನೋಡಬೇಕೆಂಬುದು ನಿನ್ನ ಹಟ. ನೊಣ ಕೂರದಿರಲೆಂದು ಮೇಲೊಂದು ಜರಡಿ ಕವುಚಿ ಆಜ್ಞೆ ಹೊರಡಿಸಿದೆ: "ಯಾರೂ ಫ್ಯಾನ್ ಹಾಕ್ಬೇಡಿ, ಧೂಳು ಬೀಳುತ್ತೆ. ಯಾರೂ ಮುಟ್ಬೇಡಿ." ಆಮೇಲೆ ಪಕ್ಕದ ದಿವಾನದ ಮೇಲೆ ಒರಗಿದವಳು ಗೊರಕೆಯನ್ನೇ ಹೊಡೆದೆ. ನಾನು ಬ್ಯಾಂಕಿನಿಂದ ಬಂದ ಸದ್ದಿಗೆ ಎದ್ದಾಗ ಕರೆಂಟ್ ಹೋಗಿತ್ತು, ನೀನು ಬೆವೆತಿದ್ದೆ. ಕಣ್ಣುಜ್ಜಿಕೊಳ್ಳುತ್ತ ಜರಡಿ ಎತ್ತಿ, ಒಣಗಿದೆಯೋ ಇಲ್ಲವೋ ಎಂದು ಮೂಲೆಯಲ್ಲಿ ಹೆಬ್ಬೆಟ್ಟು ಒತ್ತಿಯೇಬಿಟ್ಟೆ. ಒಳಗಿನ್ನೂ ಹಸಿ. ಗುರುತು ಕೂತುಬಿಟ್ಟಿತು. "ಮುಟ್ಬೇಡಿ ಅಂತ ಊರಿಗೆಲ್ಲ ಹೇಳೋಳು ನಾನು" ಎಂದು ನಿನ್ನ ಕೈಗೆ ನೀನೇ ಒಂದು ಏಟು ಕೊಟ್ಟುಕೊಂಡೆ.

ಆ ಪೊರೆ ಗಾಜೂ ಆಗಿರಲಿಲ್ಲ, ಸ್ಪಂಜೂ ಆಗಿರಲಿಲ್ಲ. ಕೆಳಗಿನ ಮೈ ನುಣ್ಣಗೆ, ಮೇಲಿನದು ಚಳಿಗಾಲದ ಕಿಟಕಿಯ ಹಾಗೆ ಮಬ್ಬು, ಎಲ್ಲ ಕಡೆಗೂ ಒಂದೇ ಸಮ. ನೀನು ಸುಮಾಳನ್ನು ಕೇಳಿದೆ: "ಫ್ಯಾನ್ ಹಾಕಿದ್ಯೇನೇ?" "ಇಲ್ಲ ಅತ್ತಿಗೆ, ದೇವರಾಣೆ ಹಾಕಿಲ್ಲ." "ಒಣ ಗಾಳೀಲಿ ಇದು ಹೇಗೆ ಮಬ್ಬಾಯ್ತು?" ಎಂದು ನೀನು ಗಾಜಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದೆ. ನಿನಗೂ ಏನೂ ತೋಚದೆ ಹೋಗುವುದುಂಟು ಎಂದು ನಾನು ಕಂಡದ್ದು ಅದೇ ಮೊದಲು. ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ನೀನು ಹೊರಡುವಾಗ ಪೊರೆಯ ಬಹುಪಾಲನ್ನು ನೀನೇ ಒಯ್ದೆ. ಹೆಬ್ಬೆಟ್ಟಿನ ಮೂಲೆ ಇದ್ದ ಪಟ್ಟಿಯನ್ನು ಕತ್ತರಿಸಿ, "ತಗೋ, ನಿನ್ನ ಬ್ಯಾಂಕಲ್ಲಿ ನೋಟು ನೋಡೋ ನೀಲಿ ದೀಪ ಇರುತ್ತಲ್ಲ, ಅದರ ಕೆಳಗೆ ಹಿಡಿದು ನೋಡು. ನಿಮ್ಮಕ್ಕ ಮಾಡೋದು ಪ್ಲಾಸ್ಟಿಕ್ ಹಾಳೆ ಹೌದೋ ಅಲ್ವೋ ಗೊತ್ತಾಗುತ್ತೆ" ಎಂದೆ. ಹಿಡಿದೆ. ಇಡೀ ಪಟ್ಟಿ ಒಂದೇ ಹದದಲ್ಲಿ ಕೆಂಪಗೆ ಹೊತ್ತಿಕೊಂಡಿತು. ಮೂಲೆಯಲ್ಲಿ ಮಾತ್ರ ನಿನ್ನ ಹೆಬ್ಬೆಟ್ಟು, ಗೆರೆಗೆರೆಯಾಗಿ. ನಮ್ಮ ಹೆಡ್ ಕ್ಯಾಷಿಯರ್ ರಾವುಗಾರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದು ಯಾವ ದೇಶದ ನೋಟಂಡಿ ಸಾರ್?" "ನಮ್ಮಕ್ಕನ ದೇಶದ್ದು" ಎಂದೆ. "ಸಹಿ ಬದಲು ವೇಲಿಮುದ್ರ ಹಾಕಿದ್ದಾರಲ್ಲ, ಮೇಡಂ ಗಾರು ಓದಿಲ್ವಾ?" ಅವರ ಊರಿನಲ್ಲಿ ಹೆಬ್ಬೆಟ್ಟಿನ ಗುರುತಿಗೆ ವೇಲಿಮುದ್ರ ಎನ್ನುತ್ತಾರೆ. ಇದನ್ನು ನಿನಗೆ ಫೋನಿನಲ್ಲಿ ಹೇಳಿದಾಗ ಎಷ್ಟು ನಕ್ಕೆಯೆಂದರೆ, ಆಮೇಲೆ ಕೆಮ್ಮು ಬಂದು ಫೋನ್ ಇಟ್ಟೆ.

ಸಂಕ್ರಾಂತಿಗೆ ಎಳ್ಳು ಬೀರಲು ಬರುತ್ತೇನೆ ಎಂದಿದ್ದೆ. ತಲೆನೋವು ಎಂದು ಮಲಗಿದವಳು... ಅದನ್ನು ನಿನಗೇ ಹೇಳುವುದು ಏನು ಚೆಂದ? ವಿಶಾಖಪಟ್ಟಣದ ದ್ವಾರಕಾ ನಗರದ ನಿನ್ನ ಮನೆ ಖಾಲಿ ಮಾಡಲು ಹೋದಾಗ ಲಾವಣ್ಯ ಬಂದು ಸಾಮಾನು ಕಟ್ಟಲು ಕೈ ಹಾಕಿದಳು. ಅವಳ ತಾಯಿ ಬಳ್ಳಾರಿ ಕಡೆಯವರು, ತಂದೆ ವಿಶಾಖಪಟ್ಟಣದವರೇ. ನೀನು ಅವಳ ಕನ್ನಡಕ್ಕೆ ದಿನಾ ನೀರು ಹಾಕಿ ಬೆಳೆಸಿದೆಯಂತೆ. "ಮೇಡಂ ನನಗೆ ಬೈಯೋದು ಮಾತ್ರ ಕನ್ನಡದಾಗೆ ಸರ್. ಹೊಗಳೋದಾದ್ರೆ ಇಂಗ್ಲಿಷ್ನಾಗೆ. ಇಂಗ್ಲಿಷ್ ಕಮ್ಮಿ ಕೇಳಿದೀನಿ" ಎಂದಳು. ಆಮೇಲೆ ತನ್ನ ಕಷ್ಟ ಹೇಳಿಕೊಂಡಳು. ವಿಜಯವಾಡದ ಪೊರೆಯಂಥದ್ದು ಇನ್ನೊಂದು ಬರುತ್ತಿಲ್ಲ. ನೀರನ್ನೂ ಬಿಟ್ಟು ಬೆಳಕನ್ನೂ ಸಮನಾಗಿ ಕೊಟ್ಟದ್ದು ಅದೊಂದೇ. ನೀನು ಒಯ್ದದ್ದೆಲ್ಲ ಪರೀಕ್ಷೆಗಳಲ್ಲಿ ನೀರು ಸೋಸಿ ಸೋಸಿ ಖರ್ಚಾಗಿತ್ತು. ಅದು ವಿಜಯವಾಡದ ಬಿಸಿಯ ಮಹಿಮೆ ಎಂದು ನೀನು ಹೇಳಿದ್ದನ್ನೇ ನಂಬಿ ಅವಳು ಒಲೆಯ ಬಿಸಿ ಏರಿಸುತ್ತಾಳೆ, ಇಳಿಸುತ್ತಾಳೆ. ಬರುವುದು ಬರೀ ಗಾಜು. ಈ ವರ್ಷ ಪ್ರಬಂಧ ಮುಗಿಸದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ನಿನ್ನ ಕೆಲಸವೂ.

ಅವಳು ನಿನ್ನ ಪ್ರಯೋಗಾಲಯಕ್ಕೂ ನನ್ನನ್ನು ಕರೆದುಕೊಂಡು ಹೋದಳು. ನಿನ್ನ ಕುರ್ಚಿಯ ಮೇಲೆ ಯಾರೂ ಕೂತಿರಲಿಲ್ಲ. ಪೊರೆಯ ಒಳಗನ್ನು ಹೇಗೆ ನೋಡುತ್ತಾರೆ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು. "ಕತ್ತರೀಲಿ ಕತ್ತರಿಸಿದ್ರೆ ತೂತೆಲ್ಲ ಜಜ್ಜಿ ಹೋಗ್ತಾವೆ ಸರ್. ದ್ರವ ನೈಟ್ರೋಜನ್‌ನಾಗೆ ಅದ್ದಿ ಪಟ್ ಅಂತ ಮುರೀಬೇಕು, ಹಪ್ಪಳ ಮುರಿದಂಗೆ. ಆ ಮುರಿದ ಮಗ್ಗುಲು ಸೂಕ್ಷ್ಮದರ್ಶಕಕ್ಕೆ ಇಟ್ರೆ ಎಲ್ಲಾ ಹೇಳ್ತದೆ. ಯಾವಾಗ ಹೆಂಗೆ ಗಟ್ಟಿ ಆಯ್ತು, ಕಣ ಎಲ್ಲಿ ನಿಂತ್ವು, ಎಲ್ಲಾ." ಅವಳು ಮೇಜಿನ ಮೇಲಿನ ಒಂದು ಪೊರೆಯ ನಾಲ್ಕು ಬದಿಯನ್ನೂ ಚಕಚಕ ಕತ್ತರಿಸಿ ಕಸದ ಡಬ್ಬಿಗೆ ಹಾಕಿದಳು. ಯಾಕೆ ಎಂದರೆ, "ಅಂಚು ಪನಿಕಿ ರಾದು ಸರ್, ದಪ್ಪ ಸಮ ಇರಲ್ಲ. ಕೆಲಸಕ್ಕೆ ಬರೋದು ನಡುವಿಂದು ಮಾತ್ರ" ಎಂದಳು. ನನಗೆ ಆ ಡಬ್ಬಿಯನ್ನೇ ಯಾಕೋ ನೋಡಬೇಕೆನಿಸಿತು. ನೋಡಿದೆ.

ಮಂಗಳಗಿರಿ ಸೀರೆಯಿಂದ ನಿಜ ಹೊರಬಿತ್ತು, ನೀನು ನಂಬುವುದಿಲ್ಲ. ನೀನು ಕೊಡಿಸಿದ ಆ ಹಸಿರು ಸೀರೆಯ ಮಡಿಕೆಯಲ್ಲಿ ಪೊರೆಯ ಪಟ್ಟಿಯನ್ನು ಸುಮಾ ಜೋಪಾನವಾಗಿಟ್ಟಿದ್ದಳು. ಹೋದ ವಾರ ಸೀರೆ ಉಡಲು ತೆಗೆದವಳು ಪಟ್ಟಿಯನ್ನು ನನ್ನ ಕೈಗೆ ಕೊಡುತ್ತ, "ಪಾಪ, ಅವತ್ತು ಅತ್ತಿಗೆ ಎಷ್ಟು ಬೆವರ್ತಿದ್ರು, ಕೂಲರ್ ಹಾಕಿದ್ಮೇಲೇ ಅವರಿಗೆ ನಿದ್ದೆ ಹತ್ತಿದ್ದು" ಎಂದಳು. ಯಾವ ಕೂಲರ್? "ಅದೇರೀ, ನೀರಿನ ಕೂಲರ್. ಅವರ ಕಾಲ ಕಡೆ ತಿರುಗಿಸಿಟ್ಟಿದ್ದೆ. ಆಮೇಲೆ ಕರೆಂಟ್ ಹೋಯ್ತಲ್ಲ." ಅಕ್ಕ ಯಾವುದನ್ನೂ ಹಾಕಬೇಡಿ ಎಂದಿದ್ದಳಲ್ಲ ಎಂದರೆ, "ಯಾವುದನ್ನೂ ಅಂತ ಎಲ್ಲಿ ಅಂದ್ರು? ಫ್ಯಾನ್ ಬೇಡ ಅಂದ್ರು. ಅದಕ್ಕೇ ಕೂಲರ್ ಹಾಕ್ದೆ. ಅವರು ಕೇಳಿದ್ದೂ ಫ್ಯಾನನ್ನೇ, ನಾನು ಹಾಕಿಲ್ಲ ಅಂದೆ. ಅದರಲ್ಲಿ ತಪ್ಪೇನಿದೆ?" ತಪ್ಪೇನೂ ಇಲ್ಲ. ನನ್ನ ಹೆಂಡತಿಯ ಮಾತು ನಮ್ಮ ಬ್ಯಾಂಕಿನ ಸುತ್ತೋಲೆಯಷ್ಟೇ ಖಚಿತ.

ಲಾವಣ್ಯಳಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ "ಅಯ್ಯೋ ಸರ್... ಕೂಲರಾ?" ಎಂದು ಅತ್ತಳೋ ನಕ್ಕಳೋ ಗೊತ್ತಾಗದ ಹಾಗೆ ಕೂಗಿದಳು. ಅಸಿಟೋನ್ ಹಾರುವಾಗ ಪೊರೆಯ ಮೈ ತಣ್ಣಗಾಗುತ್ತದಂತೆ. ಕೂಲರಿನ ತೇವದ ಗಾಳಿ ಅಲ್ಲಿ ಇಬ್ಬನಿಯಾಗಿ ಕೂತು ಸಣ್ಣ ಸಣ್ಣ ತೂತು ಮಾಡಿದೆ. ಪಾಕ ಬೇಗ ಬಿಗಿದುಕೊಂಡದ್ದರಿಂದ ಕಣಗಳು ತಳ ಸೇರಲಾಗದೆ ಇದ್ದಲ್ಲೇ ನಿಂತಿವೆ. ಕರೆಂಟ್ ಹೋದದ್ದೇ ತಡ, ಉಳಿದದ್ದನ್ನು ವಿಜಯವಾಡದ ಬಿಸಿ ಒಣಗಿಸಿ ಮುಗಿಸಿದೆ. ಮೊದಲು ತೇವದ ಉಸಿರು, ಆಮೇಲೆ ಒಣ ಸೆಕೆ. ಸಮುದ್ರದ ಗಾಳಿ ಮನಸ್ಸು ಬಂದಂತೆ ಮಾಡುತ್ತಿದ್ದುದನ್ನು ನಮ್ಮ ಕೂಲರ್ ಕ್ರಮವಾಗಿ ಮಾಡಿತು. ಆದರೆ ತೇವ ಎಷ್ಟು ಹೊತ್ತು ಇತ್ತು? ನೀನು ನಿದ್ದೆಯಲ್ಲಿದ್ದೆ, ಸುಮಾ ಅಡುಗೆಮನೆಯಲ್ಲಿ, ನಾನು ಬ್ಯಾಂಕಿನಲ್ಲಿ. ಕರೆಂಟ್ ಯಾವಾಗ ಹೋಯಿತೆಂದು ಯಾರೂ ಹೇಳಲಾರರು. ಮಬ್ಬು ಎಷ್ಟು ಆಳಕ್ಕೆ ಇಳಿದಿದೆ ಎಂದು ಮುರಿದು ನೋಡಿದರೆ ಪೊರೆಯೇ ಹೇಳುತ್ತದೆ. ಅದಕ್ಕೇ ಅವಳು ಬರುತ್ತಿರುವುದು.

ಇದೇ ನೋಡು ನಿನಗೆ ತಲುಪದೆ ಹೋದ ಸುದ್ದಿ. ಮೂರನೆಯ ಸಾಲೂ ಆವತ್ತೇ ಸಿಕ್ಕಿತು: "ಒಣಗಿದರೆ ಗಾಜು, ಮುಳುಗಿದರೆ ಸ್ಪಂಜು, ನಡುವೆ ಸಿಕ್ಕಿದರೆ ಮಂಜು." ಸಿಕ್ಕಿದ ತಕ್ಷಣ ಕೈ ಫೋನಿಗೆ ಹೋಯಿತು. ನಿನ್ನ ಹೆಸರಿನವರೆಗೂ ಹೋಗಿ ನಿಂತಿತು. ಇಷ್ಟು ತಿಂಗಳಾದ ಮೇಲೂ ಬೆರಳಿಗೆ ಬುದ್ಧಿ ಬರುವುದಿಲ್ಲವೇ? ಮಂಜು ಎಂದರೆ ಮಂಜೇ ಆಗಿದೆ ನನ್ನ ತಲೆಯೊಳಗೂ. ಮುರಿಯದೆ ಇಟ್ಟುಕೊಂಡರೆ ನಿನ್ನ ಕೆಲಸವನ್ನು ಸೀರೆಯ ಮಡಿಕೆಯಲ್ಲಿ ಕೊಳೆಸಿದಂತೆ. ಮುರಿಯಲು ಕೊಟ್ಟರೆ... ಕೊಟ್ಟರೆ ಏನು? ಅದು ನಿನ್ನ ವಸ್ತು, ನಿನ್ನ ಶಿಷ್ಯೆ, ನಿನ್ನ ನೈಟ್ರೋಜನ್. ಮಧ್ಯದಲ್ಲಿ ನಾನ್ಯಾರು? ಪೊರೆಯ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡೆ, ಯಾವುದು ಎಷ್ಟು ಹೊತ್ತಿಗೆ ಹೇಗೆ ಗಟ್ಟಿಯಾಗುತ್ತದೆ ಎಂದು. ಮನುಷ್ಯನಿಗೆ ಅಂಥದ್ದೊಂದು ಲೆಕ್ಕ ಇದೆಯೇ ಎಂದು ನೀನಿದ್ದಾಗಲೇ ಕೇಳಿದ್ದರೆ, "ಶುರುವಾಯ್ತು ಪ್ರಾಸಪ್ಪನ ಪ್ರವಚನ" ಎನ್ನುತ್ತಿದ್ದೆ.

ಹಾಲ್‌ನಲ್ಲಿ ಸುಮಾ ಕೂಲರಿನ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದಾಳೆ. "ಫ್ಯಾನ್ ಬೇಡ ಅಂದಿದ್ರು ಕಣಮ್ಮ, ಕೂಲರ್ ಅಂತ ಯಾರೂ..." ಅದಕ್ಕೆ ಯಾರೋ ನಗುತ್ತಿದ್ದಾರೆ. ಅಡುಗೆಮನೆಯಲ್ಲಿ ಅಧ್ಯಕ್ಷರು ಸೀಟಿ ಹೊಡೆದರು.

ಟೈಮ್ ಮುಗಿಯಿತು. ನಿಜ ಹೇಳುತ್ತೇನೆ ಅಕ್ಕ. ಲಾವಣ್ಯ ಬರುತ್ತಿಲ್ಲ, ಬಂದು ಆಗಲೇ ಎರಡು ಲೋಟ ಕಾಫಿ ಕುಡಿದಿದ್ದಾಳೆ. ಬೀರುವಿನಲ್ಲಿ ಪೊರೆ ಹುಡುಕುತ್ತೇನೆ ಎಂದು ಹೇಳಿ ಒಳಗೆ ಬಂದವನು ನಾನು. ಹುಡುಕುವುದೇನೂ ಇಲ್ಲ, ಅದು ಈ ಭಾಷಣ ಗೀಚುತ್ತಿರುವ ಕಾಗದದ ಪಕ್ಕದಲ್ಲೇ ಇದೆ. ಕೊಡುವುದೋ ಬೇಡವೋ ಎಂಬ ಅನುಮಾನವೂ ನನಗೆ ಯಾವತ್ತೂ ಇರಲಿಲ್ಲ. ಕೊಡುತ್ತೇನೆ, ಎರಡೂ ಕೈಯಿಂದ ಕೊಡುತ್ತೇನೆ. ಅವಳು ಹೇಗೂ ಕತ್ತರಿಸಿ ಡಬ್ಬಿಗೆ ಹಾಕುವ ಆ ಅಂಚಿನ ಮೂಲೆ ಇದೆಯಲ್ಲ, ನಿನ್ನ ಹೆಬ್ಬೆಟ್ಟಿರುವುದು, ಅದೊಂದು ನನಗೆ ಬೇಕಮ್ಮಾ ಎಂದು ಆ ಹುಡುಗಿಯ ಮುಂದೆ ಕೇಳಬೇಕು. ಕೇಳುವಾಗ ಅಳು ಬಂದುಬಿಡುತ್ತದೆ ಎಂದು ಹೆದರಿ, ಬಾಗಿಲು ಹಾಕಿಕೊಂಡು, ಬೀರುವಿಗೆ ಭಾಷಣ ಮಾಡುತ್ತ ಕೂತಿದ್ದೇನೆ.

ಎದ್ದೆ. ಕೇಳುತ್ತೇನೆ.